ಯಾವ ವರ್ಷದ ಮಾರುತಿ ಒಳ್ಳೇದು?

ಮುಂಬೈಯಲ್ಲಿರುವ ನಮ್ಮ ಕಡೆಯವರಿಗೆ ಊರಿನಿಂದ ಒಂದು ಬಗೆಯ ಫೋನು ಬರುತ್ತಲೇ ಇರುತ್ತದೆ. ಮಳೆ, ಅಡಿಕೆ ರೇಟು, ಯಾರದೋ ಮದುವೆ ಎಲ್ಲ ಮುಗಿದ ಮೇಲೆ ಸ್ವಲ್ಪ ತಡೆದು ಕೇಳುತ್ತಾರೆ: "ಅಲ್ಲ ಮಾರಾಯಾ, ಅಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಗಾಡಿ ಸಿಗ್ತದಾ? ಯಾವ ವರ್ಷದ್ದು ಒಳ್ಳೇದು?" ಯಾವ ಕಂಪನಿ ಅಂತ ಕೇಳುವುದಿಲ್ಲ. ಅದು ಮಾರುತಿಯೇ ಅಂತ ಇಬ್ಬರಿಗೂ ಗೊತ್ತು. ನಾನು ಡೊಂಬಿವಲಿಯಲ್ಲಿ ಕೂತು ಕುಂದಾಪುರದವರಿಗೆ, ಕುಮಟೆಯವರಿಗೆ ಈ ಪ್ರಶ್ನೆಗೆ ಉತ್ತರ ಹೇಳುತ್ತಾ ಬಂದಿದ್ದೇನೆ. ಪ್ರತಿ ಸಲವೂ ಉತ್ತರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಯಾಕೆಂದರೆ ವರ್ಷ ಹಿಡಿದು ಗಾಡಿ ಅಳೆಯುವುದು ಅಮೆರಿಕದಲ್ಲಿ ನಡೆದೀತು. ಅಲ್ಲಿ ಕಂಪನಿಗಳೇ ಮಾಡೆಲ್ ವರ್ಷ ಅಂತ ಹೆಸರಿಟ್ಟು ಮಾರುತ್ತವೆ. ನಮ್ಮಲ್ಲಿ ಹಾಗಿಲ್ಲ. ಒಳಗಿನ ಸಾಮಾನು ಯಾವ ತಿಂಗಳಲ್ಲಿ ಬೇಕಾದರೂ ಬದಲಾಗಬಹುದು. ಆರ್‌ಸಿಯಲ್ಲಿ ಎದ್ದು ಕಾಣುವುದು ನೋಂದಣಿಯ ದಿನ. ತಯಾರಾದ ತಿಂಗಳು ಒಂದು ಮೂಲೆಯಲ್ಲಿ ಸಣ್ಣಗೆ ಇರುತ್ತದೆ. ಡಿಸೆಂಬರಿನಲ್ಲಿ ಡಿಸ್ಕೌಂಟ್ ಯಾಕೆ ಸಿಗುತ್ತದೆ ಅಂತ ಎಲ್ಲರಿಗೂ ಗೊತ್ತಿದೆ. ಆದರೂ ಹಳೆ ಗಾಡಿ ನೋಡುವಾಗ ಆ ಮೂಲೆಯನ್ನು ಓದುವವರು ಕಡಿಮೆ.

ಬೋರ್ಡ್ ಅದೇ, ಭಟ್ಟರು ಬೇರೆ

ವ್ಯಾಗನ್ ಆರ್ ಅನ್ನೇ ತಗೊಳ್ಳಿ. 1999ರ ಕೊನೆಗೆ ಬಂದಾಗ ಅದರಲ್ಲಿ ಇದ್ದದ್ದು 1061 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್. 2010ರಲ್ಲಿ ಅದು ಹೋಗಿ 998 ಸಿಸಿಯ ಮೂರು ಸಿಲಿಂಡರಿನ ಕೆ10ಬಿ ಬಂತು. 2019ರ ಜನವರಿಯಲ್ಲಿ ಗಾಡಿಯ ಚೌಕಟ್ಟೇ ಬದಲಾಯಿತು, ಜೊತೆಗೆ 1.2 ಲೀಟರ್ ಎಂಜಿನ್ನೂ ಸಿಗತೊಡಗಿತು. ಮುಂಬೈಯ ಎಷ್ಟೋ ಉಡುಪಿ ಹೋಟೆಲುಗಳ ಹಾಗೆ ಇದು. ಬೋರ್ಡ್ ಅಜ್ಜನ ಕಾಲದ್ದು, ಒಳಗೆ ಭಟ್ಟರು ಮೂರು ಸಲ ಬದಲಾಗಿರುತ್ತಾರೆ.

2019ರ ವ್ಯಾಗನ್ ಆರ್ ಅಂತ ಯಾರಾದರೂ ಹೇಳಿದರೆ ನನಗೆ ತಲೆ ಕೆರೆದುಕೊಳ್ಳುವ ಹಾಗಾಗುತ್ತದೆ. 2018ರಲ್ಲಿ ತಯಾರಾಗಿ ಹೊಸ ವರ್ಷದಲ್ಲಿ ನೋಂದಣಿಯಾದ ಹಳೆ ಚೌಕಟ್ಟಿನ ಗಾಡಿ ಇರಬಹುದು. ಹೊಸ ಚೌಕಟ್ಟಿನ ಬಿಎಸ್-4, ಅಂದರೆ ಸರ್ಕಾರದ ಹೊಗೆ ನಿಯಮದ ನಾಲ್ಕನೇ ಹಂತದ್ದು, ಇರಬಹುದು. ಆ ವರ್ಷದ ಮಧ್ಯದಲ್ಲಿ 1.2 ಎಂಜಿನ್ ಬಿಎಸ್-6 ಆಯಿತು, ನವೆಂಬರಿನಲ್ಲಿ 1.0 ಕೂಡ ಆಯಿತು. ಹಾಗಾಗಿ ಒಂದೇ ವರ್ಷದ ಒಂದೇ ಹೆಸರಿನ ಎರಡು ಗಾಡಿ ಪಕ್ಕಪಕ್ಕ ನಿಲ್ಲಿಸಿದರೆ ಒಂದರ ಬಗ್ಗೆ ಹೇಳಿದ್ದು ಇನ್ನೊಂದಕ್ಕೆ ಹೊಂದುವುದಿಲ್ಲ. ಇಂಥದ್ದಕ್ಕೆ "2019 ಒಳ್ಳೇದು" ಅಂತ ಹೇಗೆ ಹೇಳುವುದು?

ಸ್ವಿಫ್ಟ್ ಕಥೆ ಇನ್ನೂ ಮಜವಾಗಿದೆ. 2005ರ ಮೇ ತಿಂಗಳಲ್ಲಿ ಬಂದ ಮೊದಲ ಸ್ವಿಫ್ಟ್‌ನಲ್ಲಿ 1298 ಸಿಸಿ ಪೆಟ್ರೋಲ್ ಎಂಜಿನ್ ಇತ್ತು. ಹಳೇ ಎಸ್ಟೀಮ್, ಜಿಪ್ಸಿ ವಂಶದ್ದು. ಗಟ್ಟಿ ಜೀವ. ಮರುವರ್ಷದ ಬಜೆಟ್‌ನಲ್ಲಿ ಹಣಕಾಸು ಮಂತ್ರಿ ಚಿದಂಬರಂ ಅವರು ಸಣ್ಣ ಕಾರುಗಳ ಎಕ್ಸೈಸ್ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಿದರು. ಆದರೆ ಪೆಟ್ರೋಲ್ ಗಾಡಿ 1200 ಸಿಸಿ ಒಳಗಿರಬೇಕು, ಉದ್ದ ನಾಲ್ಕು ಮೀಟರ್ ಮೀರಬಾರದು. ಸ್ವಿಫ್ಟ್ 98 ಸಿಸಿಯಿಂದ ಹೊರಗೆ ಬಿತ್ತು! 2010ರಲ್ಲಿ ಬಿಎಸ್-4 ಮುಂಬೈ, ಪುಣೆಯಂಥ ನಗರಗಳಿಗೆ ಬಂದ ಹೊತ್ತಿಗೆ 1197 ಸಿಸಿಯ ಕೆ12ಎಂ ಎಂಜಿನ್ ಕೂಡಿಸಿದರು. ಡಿಸೈರ್‌ನ ಬೆನ್ನು 2012ರಲ್ಲಿ ಮೊಂಡಾಗಿ 3995 ಮಿಲಿಮೀಟರಿಗೆ ನಿಂತದ್ದೂ ಇದೇ ಲೆಕ್ಕದಿಂದ. ಅಂದರೆ ನಿಮ್ಮ ಮನೆ ಎದುರಿನ ಗಾಡಿ ಎಷ್ಟು ಬಾಳುತ್ತದೆ ಎನ್ನುವುದರಲ್ಲಿ ದೆಹಲಿಯ ಬಜೆಟ್ ಭಾಷಣದ್ದೂ ಒಂದು ಪಾಲಿದೆ. ನಾನು ವರ್ಷಗಳನ್ನು ಗುಂಪು ಮಾಡುವುದು ಹೀಗೆಯೇ: 2010ರ ಏಪ್ರಿಲ್‌ಗೆ ಮುಂಚೆಯಾ ಆಮೇಲಾ, 2020ರ ಏಪ್ರಿಲ್‌ಗೆ ಮುಂಚೆಯಾ ಆಮೇಲಾ. ಹೊಗೆಯ ನಿಯಮ ಬದಲಾದಾಗ ಎಂಜಿನ್ ಬದಲಾಗುತ್ತದೆ. ಇಂಡಿಕೇಟರ್‌ನ ಆಕಾರ, ಗ್ರಿಲ್ಲಿನ ಕ್ರೋಮು ಬದಲಾದ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯುವುದೇ ಬೇಡ.

2010ರಲ್ಲಿ ಆದ ಬದಲಾವಣೆಯಲ್ಲಿ ನನಗೆ ಮುಖ್ಯ ಅನಿಸುವುದು ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಟೈಮಿಂಗ್ ಬೆಲ್ಟ್ ಹೋಗಿ ಚೈನ್ ಬಂದದ್ದು. ಬೆಲ್ಟ್ ರಬ್ಬರಿನದು. ಇಷ್ಟು ಕಿಲೋಮೀಟರಿಗೆ ಬದಲಿಸಬೇಕು ಅಂತ ಇರುತ್ತದೆ. ಮೊದಲ ಮಾಲೀಕ ಬದಲಿಸುತ್ತಾನೆ, ಎರಡನೆಯವ ಮುಂದಕ್ಕೆ ಹಾಕುತ್ತಾನೆ, ಮೂರನೆಯವನಿಗೆ ಅಂಥದ್ದೊಂದು ಇದೆ ಅಂತಲೇ ಗೊತ್ತಿರುವುದಿಲ್ಲ. ತುಂಡಾದರೆ ಗಾಡಿ ನಡುರಸ್ತೆಯಲ್ಲಿ ನಿಂತಿತು ಅಂತ ಅರ್ಥ. ಚೈನ್ ಹಾಗಲ್ಲ. ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಿದರೆ ಎಂಜಿನ್ ಇರುವಷ್ಟು ದಿನ ಇರುತ್ತದೆ. ಆಯಿಲ್ ವಿಷಯದಲ್ಲಿ ಕಂಜೂಸಿ ಮಾಡಿದ ಗಾಡಿಯಲ್ಲಿ ಚೈನ್ ಸಡಿಲಾಗಿ ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಕಟಕಟ ಅನ್ನುತ್ತದೆ. ಅದಕ್ಕೇ ಹಳೆ ಗಾಡಿ ನೋಡಲು ಹೋಗುವಾಗ "ನಾವು ಬರೋವರೆಗೆ ಸ್ಟಾರ್ಟ್ ಮಾಡಬೇಡಿ" ಅಂತ ಮೊದಲೇ ಹೇಳಿಬಿಡುತ್ತೇನೆ. ಹೋಗಿ ಬಾನೆಟ್ ಮುಟ್ಟಿದಾಗ ಬಿಸಿ ಇದ್ದರೆ ಅಲ್ಲಿಗೇ ಅರ್ಧ ಮನಸ್ಸು ಹೋಗುತ್ತದೆ.

ನೀರು ಕುಡಿದ ಗಾಡಿ

ಮುಂಬೈಯಿಂದ ಗಾಡಿ ತರಿಸಿಕೊಳ್ಳುವವರು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಈ ಗಾಡಿ ಯಾವ ಮಳೆಗಾಲದಲ್ಲಿ ಎಲ್ಲಿ ನಿಂತಿತ್ತು? 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಸ್ವಿಫ್ಟ್ ಮಾರುಕಟ್ಟೆಗೆ ಬಂದು ಆಗಿನ್ನೂ ಎರಡು ತಿಂಗಳು. ಬುಕ್ ಮಾಡಿ, ಕಾದು, ಮಾಲೆ ಹಾಕಿ ಮನೆಗೆ ತಂದ ಹೊಸ ಗಾಡಿಗಳೂ ಆ ದಿನ ಮುಳುಗಿದವು. 2017ರ ಆಗಸ್ಟ್ 29ರಂದು ಮತ್ತೆ ನಗರ ನಿಂತುಹೋಯಿತು. ಇವೆರಡು ದೊಡ್ಡವು. ಹಿಂದ್‌ಮಾತಾ, ಮಿಲನ್ ಸಬ್‌ವೇ, ಅಂಧೇರಿ ಸಬ್‌ವೇ ಕಡೆಯವರಿಗೆ ಇದು ವರ್ಷ ವರ್ಷದ ಕಥೆ.

ನೀರಿನಲ್ಲಿ ಎಂಜಿನ್ ಓಡುತ್ತಿದ್ದರೆ ಗಾಳಿಯ ಜಾಗದಲ್ಲಿ ನೀರು ಒಳಗೆ ಹೋಗುತ್ತದೆ. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಗ್ಗಿ ಕೂರುತ್ತದೆ. ಇದು ಎದ್ದು ಕಾಣುವ ಹಾನಿ, ಹಾಗಾಗಿ ಒಂದು ಲೆಕ್ಕಕ್ಕೆ ಪರವಾಗಿಲ್ಲ. ಮೋಸ ಇರುವುದು ನಿಂತಲ್ಲೇ ಮುಳುಗಿದ ಗಾಡಿಗಳಲ್ಲಿ. ಎಂಜಿನ್ ಚೆನ್ನಾಗಿರುತ್ತದೆ. ವೈರಿಂಗ್, ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು, ಫ್ಯೂಸ್ ಬಾಕ್ಸ್, ಏರ್‌ಬ್ಯಾಗಿನ ಕನೆಕ್ಟರು ಇವೆಲ್ಲ ನಿಧಾನಕ್ಕೆ ಹಸಿರು ಹಿಡಿಯುತ್ತವೆ. ಇನ್ಶೂರೆನ್ಸ್‌ನವರು ಟೋಟಲ್ ಲಾಸ್ ಅಂತ ಕೈಬಿಟ್ಟ ಗಾಡಿ ಹರಾಜಾಗಿ, ಒಣಗಿ, ಪಾಲಿಶ್ ಆಗಿ ದೂರದ ಊರಿಗೆ ಹೊರಡುತ್ತದೆ. ನಮ್ಮೂರು ಸಾಕಷ್ಟು ದೂರದಲ್ಲೇ ಇದೆ.

ಒಮ್ಮೆ ವಾಶಿ ಕಡೆಯ ಒಂದು ಯಾರ್ಡಿಗೆ ನಮ್ಮ ಮಿಸ್ತ್ರಿಯನ್ನು, ಅಂದರೆ ಮೆಕ್ಯಾನಿಕ್ಕನ್ನು, ಕರಕೊಂಡು ಹೋಗಿದ್ದೆ. ಬಿಳಿ ಸ್ವಿಫ್ಟ್, ಒಬ್ಬನೇ ಮಾಲೀಕ, ಕಿಲೋಮೀಟರ್ ಕಡಿಮೆ, ರೇಟು ಇನ್ನೂ ಕಡಿಮೆ. ಒಳಗೆ ಕೂತರೆ ಮಲ್ಲಿಗೆ ಪರಿಮಳದ ಡಬ್ಬಿ, ಒಂದಲ್ಲ ಎರಡು. ಮಿಸ್ತ್ರಿ ಬಾನೆಟ್ ಕಡೆ ಹೋಗಲೇ ಇಲ್ಲ. ಹಿಂದಿನ ಸೀಟಿನಲ್ಲಿ ಕೂತು ಸೀಟ್ ಬೆಲ್ಟ್ ಎಳೆಯತೊಡಗಿದ. ಎಳೆದ, ಎಳೆದ, ಇನ್ನು ಬರುವುದಿಲ್ಲ ಅನ್ನುವವರೆಗೆ ಎಳೆದ. ಹೊರಗಿರುವ ಬೆಲ್ಟನ್ನು ಎಲ್ಲರೂ ತೊಳೆಯುತ್ತಾರೆ, ಸುರುಳಿಯೊಳಗಿನ ಕೊನೆಯ ಗೇಣನ್ನು ಯಾರೂ ತೊಳೆಯುವುದಿಲ್ಲ. ಆ ಕೊನೆಯ ಗೇಣಿನಲ್ಲಿ ಒಣಗಿದ ಕೆಸರಿನ ಒಂದು ಗೆರೆ ಇತ್ತು, ಅಡ್ಡಕ್ಕೆ, ಸ್ಕೇಲ್ ಇಟ್ಟು ಎಳೆದಂತೆ. ಆಮೇಲೆ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ ರೇಲಿನ ಬೋಲ್ಟಿಗೆ ಉಗುರು ಕೊಟ್ಟ. ಕಂದು ಪುಡಿ ಉದುರಿತು. ಸ್ಟೆಪ್ನಿ ಎತ್ತಿ ಅದರ ಕೆಳಗಿನ ಗುಂಡಿಗೆ ಕೈ ಹಾಕಿದ, ಬೆರಳ ತುದಿಯಲ್ಲಿ ಹಿಟ್ಟಿನಂಥ ಮರಳು. ಯಾರ್ಡಿನ ಹುಡುಗ ಸುಮ್ನೆ ಫೋನ್ ನೋಡುತ್ತಾ ನಿಂತಿದ್ದ. ಮಿಸ್ತ್ರಿ ಕೈ ಒರೆಸಿಕೊಂಡು "ಪಾನಿ ಕೀ ಗಾಡಿ ಹೈ, ಚಲೋ" ಅಂದ. ಆ ಗಾಡಿಯ ಮಾಡೆಲ್ಲೂ ಸರಿ ಇತ್ತು, ವರ್ಷವೂ ಸರಿ ಇತ್ತು. ಅದನ್ನು ಕಟ್ಟಿದವರದೂ ಏನೂ ತಪ್ಪಿರಲಿಲ್ಲ. ಇಂಥ ಗಾಡಿ ಊರಿಗೆ ಹೋಗಿ ಎರಡನೇ ಮಳೆಗಾಲಕ್ಕೆ ತೊಂದರೆ ಕೊಡತೊಡಗಿದರೆ ಬಸ್‌ಸ್ಟ್ಯಾಂಡಿನ ಕಟ್ಟೆಯಲ್ಲಿ "ಆ ವರ್ಷದ ಸ್ವಿಫ್ಟ್ ಸರಿ ಇಲ್ಲ" ಅಂತ ಮಾತಾಗುತ್ತದೆ. ವರ್ಷಗಳ ಬಗ್ಗೆ ನಾವು ಕೇಳುವ ಎಷ್ಟೋ ಅಭಿಪ್ರಾಯಗಳು ಹುಟ್ಟುವುದು ಹೀಗೆ.

ಕೆಡದಿರುವುದು ಒಂದು, ರಿಪೇರಿ ಆಗುವುದು ಇನ್ನೊಂದು

ನಮ್ಮ ದೊಡ್ಡಪ್ಪನ ಹತ್ತಿರ ಮಾರುತಿ 800 ಇತ್ತು, ಕಾರ್ಬೊರೇಟರಿನದು. ಮೇ ರಜೆ ಮುಗಿಸಿ ಊರಿನಿಂದ ವಾಪಸ್ ಬರುವಾಗ ಕಶೇಡಿ ಘಾಟಿಯಲ್ಲಿ ಮುಂಗಾರಿನ ಮೊದಲ ಮಳೆ ಹಿಡಿಯಿತು. ಆಗ ಸುರಂಗ ಗಿರಂಗ ಏನೂ ಇರಲಿಲ್ಲ. ರಸ್ತೆ ಮೇಲೆ ಹರಿಯುತ್ತಿದ್ದ ನೀರಿಗೆ ನುಗ್ಗಿಸಿದ್ದೇ ತಡ, ಗಾಡಿ ಕೆಮ್ಮಿ ನಿಂತಿತು. ದೊಡ್ಡಪ್ಪ ಗಾಬರಿಯಾಗಲಿಲ್ಲ. ಬಾನೆಟ್ ಎತ್ತಿದರು. ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿದರು. "ನಿನ್ನ ಸೆರಗು ಒಣಗಿದೆಯಾ?" ಅಂತ ದೊಡ್ಡಮ್ಮನನ್ನು ಕೇಳಿದರು. ದೊಡ್ಡಮ್ಮ ಬೈದುಕೊಂಡೇ ಬ್ಯಾಗಿನಿಂದ ಒಂದು ಬೈರಾಸು ತೆಗೆದು ಕೊಟ್ಟರು. ಒಳಗಿನ ತೇವ ಒರೆಸಿ, ಪ್ಲಗ್ಗಿನ ವೈರು ಒರೆಸಿ, ಊದಿ, ಮುಚ್ಚಳ ಹಾಕಿ ಕೀ ತಿರುಗಿಸಿದರೆ ಗಾಡಿ ಶುರು. ಪೋಲಾದ್‌ಪುರದಲ್ಲಿ ಚಹಾ ಕುಡಿಯುವ ಹೊತ್ತಿಗೆ ಎಲ್ಲರೂ ಅದನ್ನು ಮರೆತಿದ್ದೆವು. "ಮಾರುತಿ ಕೈಕೊಡೋದಿಲ್ಲ" ಅಂತ ದೊಡ್ಡಪ್ಪ ಕೊನೆಯವರೆಗೂ ಹೇಳುತ್ತಿದ್ದರು. ಕಶೇಡಿಯಲ್ಲಿ ನಿಂತದ್ದು ಅವರ ಲೆಕ್ಕದಲ್ಲಿ ಕೈಕೊಟ್ಟದ್ದಲ್ಲ.

ಈಗಿನ ಗಾಡಿಯಲ್ಲಿ ಡಿಸ್ಟ್ರಿಬ್ಯೂಟರೇ ಇಲ್ಲ. ಒಂದೊಂದು ಪ್ಲಗ್ಗಿಗೂ ಅದರದ್ದೇ ಕಾಯಿಲ್. ಅಂಥ ಮಳೆಯಲ್ಲಿ ಅದು ಸಾಮಾನ್ಯವಾಗಿ ನಿಲ್ಲುವುದಿಲ್ಲ. ನಿಂತರೆ ಮಾತ್ರ ಬೈರಾಸಿನಿಂದ ಏನೂ ಆಗುವುದಿಲ್ಲ. ಸ್ಕ್ಯಾನರ್ ಬೇಕು, ಯಾವ ಸೆನ್ಸರ್ ಅಂತ ಅದು ಹೇಳಬೇಕು, ಆ ಸೆನ್ಸರ್ ಎಲ್ಲಿಂದಲಾದರೂ ಬರಬೇಕು. 2000ದ ಹಿಂದಿನ ಗಾಡಿ ಜಾಸ್ತಿ ಸಲ ನಿಲ್ಲುತ್ತಿತ್ತು, ಬೇಗ ಹೊರಡುತ್ತಿತ್ತು. ಈಗಿನದು ಅಪರೂಪಕ್ಕೆ ನಿಲ್ಲುತ್ತದೆ, ನಿಂತರೆ ಟೋಯಿಂಗ್. ಡೊಂಬಿವಲಿಯಲ್ಲಿ ಇರುವವನಿಗೆ ಎರಡನೆಯದೇ ಸರಿ. ಬೈಂದೂರಿನ ಒಳಗೆ ಎಲ್ಲೋ ಇರುವವನಿಗೆ? ಅಲ್ಲೂ ಈಗ ಸ್ಕ್ಯಾನರ್ ಇರುವ ಗ್ಯಾರೇಜುಗಳು ಬಂದಿವೆ, ಹಾಗಾಗಿ ನನ್ನ ಮತ ಹೊಸದರ ಕಡೆಗೇ. ಆದರೆ ಹಳೆ ತಲೆಯವರು 800 ಅಂದರೆ ಕಣ್ಣು ಅರಳಿಸುವುದು ಯಾಕೆ ಅಂತ ನನಗೆ ಅರ್ಥವಾಗುತ್ತದೆ. 1983ರಿಂದ 2014ರವರೆಗೆ ಬಂದ ಗಾಡಿ ಅದು, ಬಿಡಿಭಾಗ ಸಿಗದ ಊರಿರಲಿಲ್ಲ.

ಮುಂಬೈ ಟ್ಯಾಕ್ಸಿಯವರನ್ನು ಕೇಳಿ ನೋಡಿ ಅಂತ ಕೆಲವರು ಹೇಳುತ್ತಾರೆ. ಕೇಳಬಹುದು. ಕುರ್ಲಾದಲ್ಲಿ ಹುಟ್ಟಿದ ಪ್ರೀಮಿಯರ್ ಪದ್ಮಿನಿಗಳು ಇಪ್ಪತ್ತು ವರ್ಷದ ಮಿತಿ ಮುಗಿಸಿ 2023ರ ಅಕ್ಟೋಬರಿನಲ್ಲಿ ಪೂರ್ತಿ ರಸ್ತೆ ಬಿಟ್ಟವು. ಈಗ ಕಾಲಿ ಪೀಲಿ (ಕಪ್ಪು-ಹಳದಿ ಟ್ಯಾಕ್ಸಿ) ಅಂದರೆ ಕಣ್ಣಿಗೆ ಬೀಳುವುದು ಸಿಎನ್‌ಜಿ ವ್ಯಾಗನ್ ಆರ್‌ಗಳೇ ಜಾಸ್ತಿ. ಆದರೆ ಟ್ಯಾಕ್ಸಿಯ ಬದುಕು ಬೇರೆ. ಅದು ಇಡೀ ದಿನ ಬಿಸಿಯಾಗೇ ಇರುತ್ತದೆ. ಎಂಜಿನ್ ಸವೆಯುವುದು ತಣ್ಣಗಿದ್ದು ಶುರುವಾಗುವಾಗ. ದಿನಕ್ಕೆ ಒಮ್ಮೆ ದೇವಸ್ಥಾನಕ್ಕೆ, ಒಮ್ಮೆ ಪೇಟೆಗೆ ಹೋಗಿ ನಿಲ್ಲುವ ಊರಿನ ಗಾಡಿಯ ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಹಾಗಾಗಿ ಕಿಲೋಮೀಟರ್ ಜಾಸ್ತಿ ಓಡಿದ್ದಕ್ಕೆ ಹೆದರಬೇಕಿಲ್ಲ, ತೀರಾ ಕಡಿಮೆ ಓಡಿದ್ದಕ್ಕೆ ಸ್ವಲ್ಪ ಹೆದರಿ ಅಂತ ನಾನು ಹೇಳುತ್ತೇನೆ. ಯಾರೂ ನಂಬುವುದಿಲ್ಲ. ಇನ್ನು ಸಿಎನ್‌ಜಿ ಬೇಕೇ ಬೇಕು ಅನ್ನುವವರು, ಕಂಪನಿಯಿಂದಲೇ ಬಂದದ್ದಾ ಅಂತ ಆರ್‌ಸಿ ನೋಡಿ. ಮಾರುತಿ 2010ರಲ್ಲಿ ಶುರು ಮಾಡಿತು. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್, ಅಂದರೆ ನೀರಿನ ಒತ್ತಡ ಕೊಟ್ಟು ನೋಡುವ ಪರೀಕ್ಷೆ, ಆಗಿರಬೇಕು, ಅದರ ಪ್ಲೇಟ್ ನೋಡಿ.

ಮೊದಲ ಬ್ಯಾಚಿನ ಮಾತು

ಹೊಸ ಮಾಡೆಲ್ ಬಂದ ವರ್ಷವೇ ತಗೋಬಾರದು ಅಂತ ಒಂದು ಮಾತಿದೆ. ವರ್ಷದ ಲೆಕ್ಕದಲ್ಲಿ ನಾನು ಒಪ್ಪುವುದು ಇದೊಂದನ್ನೇ. ಯಾವ ಗಾಡಿ ಎಷ್ಟು ಕೆಟ್ಟಿತು ಅನ್ನುವ ಲೆಕ್ಕ ಕಂಪನಿಯೊಳಗೆ ಇರುತ್ತದೆ, ನಮ್ಮ ಕೈಗೆ ಬರುವುದಿಲ್ಲ. ಹೊರಗೆ ಬರುವುದು ರಿಕಾಲ್ ಪಟ್ಟಿ, ಅಂದರೆ ದೋಷ ಸರಿಪಡಿಸಲು ಕಂಪನಿಯೇ ವಾಪಸ್ ಕರೆದ ಗಾಡಿಗಳ ಪಟ್ಟಿ ಮಾತ್ರ. ಅದನ್ನು ನೋಡಿದರೆ ಆ ಮಾತು ಎಲ್ಲಿಂದ ಬಂತು ಅಂತ ತಿಳಿಯುತ್ತದೆ. ಎ-ಸ್ಟಾರ್ ಬಂದದ್ದು 2008ರ ಕೊನೆಗೆ. 2010ರ ಫೆಬ್ರವರಿಯಲ್ಲಿ ಪೆಟ್ರೋಲ್ ಸೋರುವ ಸಾಧ್ಯತೆಗಾಗಿ ಸುಮಾರು ಒಂದು ಲಕ್ಷ ಗಾಡಿ ವಾಪಸ್ ಕರೆದರು. ಹೊಸ ವ್ಯಾಗನ್ ಆರ್ 2019ರ ಜನವರಿಯಲ್ಲಿ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ಪೆಟ್ರೋಲ್ ಪೈಪಿನ ಕಾರಣಕ್ಕೆ 40,618 ಗಾಡಿಗಳ ರಿಕಾಲ್. 2020ರ ಜುಲೈಯಲ್ಲಿ ಫ್ಯೂಯಲ್ ಪಂಪಿಗಾಗಿ ವ್ಯಾಗನ್ ಆರ್, ಬಲೆನೊ ಸೇರಿ 1,34,885. ಎರಡರಲ್ಲೂ ಇದ್ದ ವ್ಯಾಗನ್ ಆರ್‌ಗಳು 2018ರ ನವೆಂಬರಿನಿಂದ ಈಚೆಗೆ ತಯಾರಾದ ಮೊದಲ ಬ್ಯಾಚುಗಳು.

ಆದರೆ ಇದನ್ನು ಓದಿ "ಹಾಗಾದರೆ 2019 ಬೇಡ" ಅನ್ನುವುದೂ ಸರಿಯಲ್ಲ. ವಾಪಸ್ ಕರೆದು ಪುಕ್ಕಟೆ ಹೊಸ ಪಂಪು ಹಾಕಿಕೊಟ್ಟ ಗಾಡಿ, ಯಾರೂ ಕರೆಯದೇ ಬಿಟ್ಟ ಗಾಡಿಗಿಂತ ವಾಸಿ. ಕಂಪನಿಯ ವೆಬ್‌ಸೈಟಿನಲ್ಲಿ ಚಾಸಿ ನಂಬರ್ ಹಾಕಿದರೆ ಆ ಗಾಡಿ ಪಟ್ಟಿಯಲ್ಲಿದೆಯಾ ಅಂತ ಗೊತ್ತಾಗುತ್ತದೆ. ಹಳೆ ಗಾಡಿ ಕೊಳ್ಳುವವರು ಸೀಟ್ ಕವರ್, ಸ್ಟೀರಿಯೋ ಬಗ್ಗೆ ಅರ್ಧ ದಿನ ಚೌಕಾಶಿ ಮಾಡುತ್ತಾರೆ, ಈ ಎರಡು ನಿಮಿಷದ ಕೆಲಸ ಮಾಡುವುದಿಲ್ಲ.

ಹಾಗಾದರೆ ಯಾವುದು?

ಡೀಸೆಲ್ ಬೇಡ ಅಂತೀನಿ. 1.3 ಡೀಸೆಲ್ ಎಂಜಿನ್ ಫಿಯೆಟ್ ಮೂಲದ್ದು, ಟಾಟಾದವರೂ ಬಳಸಿದರು, ರಾಷ್ಟ್ರೀಯ ಎಂಜಿನ್ ಅಂತಲೇ ಜನ ತಮಾಷೆ ಮಾಡುತ್ತಿದ್ದರು. ಮುಂಬೈ-ಹುಬ್ಬಳ್ಳಿ ದಿನಾ ಓಡಿಸುವವನಿಗೆ ಚಿನ್ನ. ಆದರೆ ಮಾರುತಿ 2020ರ ಏಪ್ರಿಲ್‌ಗೆ ಡೀಸೆಲ್ಲನ್ನೇ ನಿಲ್ಲಿಸಿತು. ಟರ್ಬೊ, ಇಂಜೆಕ್ಟರ್ ಖರ್ಚು ಪೇಟೆಗೆ ಹೋಗಿ ಬರುವವನಿಗೆ ಯಾಕೆ? ಗೇರ್ ಹಾಕುವ ತಾಪತ್ರಯವಿಲ್ಲದ ಎಎಂಟಿ 2014ರಲ್ಲಿ ಸೆಲೆರಿಯೊ ಜೊತೆ ಬಂತು. ಅದರೊಳಗೆ ಇರುವುದು ಮಾಮೂಲಿ ಕ್ಲಚ್ಚೇ, ಒತ್ತುವುದು ನಮ್ಮ ಕಾಲಿನ ಬದಲು ಒಂದು ಯಂತ್ರ ಅಷ್ಟೇ. ಘೋಡ್‌ಬಂದರ್ ರಸ್ತೆಯ ಜಾಮಿನಲ್ಲಿ ತೆವಳಿದ ಎಎಂಟಿಯ ಕ್ಲಚ್ ಎಷ್ಟು ಉಳಿದಿದೆ ಅಂತ ಹೊರಗಿನಿಂದ ಹೇಳುವುದು ಕಷ್ಟ.

ಉಳಿಯುವುದು ಕೆ10ಬಿ ಎಂಜಿನ್ನಿನ, ಮ್ಯಾನುಯಲ್ ಗೇರಿನ, ಪೆಟ್ರೋಲ್ ವ್ಯಾಗನ್ ಆರ್, ಇಲ್ಲವೇ ಕೆ12ಎಂನ ಸ್ವಿಫ್ಟ್. 2010ರದ್ದಕ್ಕೆ ಈಗ ಹದಿನೈದು ವರ್ಷ ತುಂಬಿದೆ. ಆರ್‌ಸಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿದೆ. ಮೇಲಿಂದ ಎನ್‌ಒಸಿ, ಕರ್ನಾಟಕದ ತೆರಿಗೆ. ಹಾಗಾಗಿ 2015ರಿಂದ 2018ರ ಒಳಗಿನದು ನೋಡಿ ಅಂತ ಹೇಳುತ್ತೇನೆ. ಪೆಟ್ರೋಲಿಗೆ ಶೇಕಡಾ 20 ಎಥನಾಲ್ ಸೇರಿಸುತ್ತಿರುವುದರಿಂದ ಈಗ ಇನ್ನೊಂದು ಗೆರೆ ಬಿದ್ದಿದೆ. ಅದಕ್ಕೆ ತಕ್ಕ ಪೈಪು, ಸೀಲುಗಳಿರುವುದು 2023ರ ಏಪ್ರಿಲ್‌ನಿಂದ ಈಚಿನ ಗಾಡಿಗಳಲ್ಲಿ. ಅದಕ್ಕಿಂತ ಹಳೆಯದಾದರೆ ಪೆಟ್ರೋಲ್ ಪೈಪುಗಳ ಮೇಲೆ ಒಂದು ಕಣ್ಣಿಡಬೇಕು.

ಇಷ್ಟು ಹೇಳಿದ ಮೇಲೂ ನನಗೆ ಒಂದು ಕಿರಿಕಿರಿ ಉಳಿಯುತ್ತದೆ. ಈ ಇಡೀ ಮಾತು ಗಾಡಿ ನಿಲ್ಲದೇ ಓಡುವುದರ ಬಗ್ಗೆ. ಗುದ್ದಿದರೆ ಏನಾಗುತ್ತದೆ ಅಂತ ಫೋನಿನಲ್ಲಿ ಯಾರೂ ಕೇಳುವುದಿಲ್ಲ. 2014ರಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್‌ ಸಂಸ್ಥೆಯವರು ಏರ್‌ಬ್ಯಾಗ್ ಇಲ್ಲದ ಸ್ವಿಫ್ಟ್ ಅನ್ನು ಗುದ್ದಿಸಿ ನೋಡಿದಾಗ ದೊಡ್ಡವರ ರಕ್ಷಣೆಗೆ ಬಂದದ್ದು ಸೊನ್ನೆ ಸ್ಟಾರ್. ಹೊಸ ಚೌಕಟ್ಟಿನ ವ್ಯಾಗನ್ ಆರ್‌ಗೆ 2019ರಲ್ಲಿ ಎರಡು, 2023ರಲ್ಲಿ ನಿಯಮ ಬಿಗಿಯಾದ ಮೇಲೆ ಒಂದು. ಅದೇ ಕಂಪನಿಯ ಡಿಸೈರ್ 2024ರಲ್ಲಿ ಐದು ತಗೊಂಡಿತು. ಮನಸ್ಸು ಮಾಡಿದರೆ ಆಗುತ್ತದೆ, ಅಲ್ವಾ? ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈಯಲ್ಲಿ. ನಾನು ಗಟ್ಟಿ ಅಂತ ಹೊಗಳುವ ವರ್ಷಗಳೆಲ್ಲ ಅದಕ್ಕೆ ಮುಂಚಿನವು. ಹಾಗಾಗಿ ಈಗ ಯಾರು ಕೇಳಿದರೂ ವರ್ಷದ ಜೊತೆ ಇನ್ನೊಂದು ಷರತ್ತು ಹಾಕುತ್ತೇನೆ: ಎರಡು ಏರ್‌ಬ್ಯಾಗು, ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಇರುವ ವೇರಿಯಂಟೇ ಆಗಬೇಕು. ಹುಡುಕುವುದು ಮಾತ್ರ ತಲೆನೋವು. ಆಗ ಅವು ಕೇಳಿ, ಜಾಸ್ತಿ ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕಾದ ಐಟಂಗಳು. ನಾನು ನೋಡಿದ ಗಾಡಿಗಳಲ್ಲಿ ಹೆಚ್ಚಿನ ಮಾಲೀಕರು ಆ ದುಡ್ಡು ಉಳಿಸಿ ಅಲಾಯ್ ವ್ಹೀಲ್ ಹಾಕಿಸಿದ್ದಾರೆ.